ಕೀಳೋ ಕ್ಲಾಸು

ಚಾಂಪಿಯನ್ ರೀಫ್ಸ್
14 ಜೂನ್ 2025

ಶಶಿರೇಖ ಮೇಡಂ ಅವರಿಗೆ ಇಂದ್ರಾಣಿಯ ನಮಸ್ಕಾರಗಳು.

ನಾನು ಶಾಲೆ ಬಿಟ್ಟದ್ದು ಬಡತನದಿಂದ ಅಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹೊಸ ಲ್ಯಾಬಿನ ಗೋಡೆಗೆ ಅಂಟಿಸಲು ಹಳೆಯ ವಿದ್ಯಾರ್ಥಿನಿಯ ಕೈಬರಹದ ಪತ್ರವೊಂದು ಬೇಕು ಎಂದು ಕೇಳಿದಿರಿ. "ಕಷ್ಟಕ್ಕೆ ಸ್ಕೂಲ್ ಬಿಟ್ಟೆ, ಕೈಕೆಲಸ ಕಲ್ತು ಕಂಪನಿ ಸೇರಿದೆ ಅಂತ ಬರಿಯಮ್ಮ, ಒಂದು ಪುಟ ಸಾಕು" ಅಂದಿರಿ. ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು.

ನಮ್ಮಪ್ಪ ದೊಡ್ಡವೆಂಕಟಪ್ಪನ ಕಾಲು ಮುರಿದದ್ದು ನಿಜ. ಅದೇ ತಿಂಗಳು ನಾನು ಶಾಲೆ ಬಿಟ್ಟದ್ದೂ ನಿಜ. ಜನ ಎರಡನ್ನೂ ಸೇರಿಸಿಕೊಂಡರು. ನೀವೂ ಕಾಮಸಮುದ್ರದ ಬಸ್ಸು ಹಿಡಿದು ಮನೆಗೆ ಬಂದು, ಅಪ್ಪ ಮಲಗಿದ್ದ ಮಂಚ ನೋಡಿ, ನನ್ನ ತಲೆ ಸವರಿ ಹೋದಿರಿ. ಆಗ ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಸುಗಳಿದ್ದವು, ಡೇರಿಯ ಬಟವಾಡೆ ತಪ್ಪದೆ ಬರುತ್ತಿತ್ತು. ನನ್ನನ್ನು ಯಾರೂ ಶಾಲೆ ಬಿಡಿಸಲಿಲ್ಲ.

ನಾನು ಎದ್ದು ಹೋದದ್ದು ನಿಮ್ಮ ಕ್ಲಾಸಿನಿಂದ, ಮೇಡಂ. ಆಗ ನೀವು ಕಂಪ್ಯೂಟರ್ ಹೇಳಿಕೊಡುತ್ತಿದ್ದಿರಿ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಬೋರ್ಡಿನ ಮೇಲೆ ಮೌಸಿನ ಚಿತ್ರ ಬರೆದು, ಇದು ಎಡಗುಂಡಿ, ಇದು ಬಲಗುಂಡಿ ಎಂದಿರಿ. ನಾವೆಲ್ಲ ಡೆಸ್ಕಿನ ಮೇಲೆ ಬೆರಳು ಒತ್ತಿದೆವು. ನನಗೆ ಕೂರಲು ಆಗಲಿಲ್ಲ. ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಬಂದವಳು ನಲ್ಲಿ ದಾಟಿದೆ, ಗೇಟು ದಾಟಿದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ಬ್ಯಾಗು ಕ್ಲಾಸಿನಲ್ಲೇ ಉಳಿಯಿತು. ಮರುದಿನ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಅಷ್ಟೇ.

ಈಗ ಕಂಪನಿಯ ಲೈನಿನಲ್ಲಿ ಸ್ಕೂಟರಿನ ಹೆಡ್‌ಲೈಟಿಗೂ ಹಾರ್ನಿಗೂ ಹೋಗುವ ವೈರುಗಳ ಕಟ್ಟು ಮಾಡುತ್ತೇನೆ. ವೈರಿನ ತುದಿಯ ಪಿನ್ನನ್ನು ಪ್ಲಾಸ್ಟಿಕ್ ಕನೆಕ್ಟರಿನ ತೂತಿಗೆ ತಳ್ಳಬೇಕು, ಅದು ಟಕ್ ಅನ್ನಬೇಕು, ಹಿಂದಕ್ಕೆ ಎಳೆದು ಗಟ್ಟಿ ನೋಡಬೇಕು. ನಿಂತು ಮಾಡುವ ಕೆಲಸ. ಅದಕ್ಕೇ ಇನ್ನೂ ಬಿಟ್ಟಿಲ್ಲ.

ಇದನ್ನು ಗೋಡೆಗೆ ಹಾಕಬಹುದಾದರೆ ಹಾಕಿ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಇಂದ್ರಾಣಿ


ಬಂಗಾರಪೇಟೆ
29 ಜೂನ್ 2025

ಇಂದ್ರಾಣಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಗೋಡೆಗೆ ಹಾಕಲಿಲ್ಲ. ಶಾಲೆಯಲ್ಲೂ ಇಡಲಿಲ್ಲ, ಮನೆಗೆ ತಂದಿದ್ದೇನೆ. ಫೋನ್ ಮಾಡಿದ್ದರೆ ಬೈದುಬಿಡುತ್ತಿದ್ದೆ, ಅದಕ್ಕೇ ಕಾಗದಕ್ಕೆ ಕಾಗದ. ಆ ಮೌಸಿನ ಚಿತ್ರವನ್ನು ನಾನು ಚೆನ್ನಾಗಿಯೇ ಬರೆದಿದ್ದೆ.

ಗುತ್ತಿಗೆ ಟೀಚರ್ ಆಗಿ ಇಷ್ಟು ವರ್ಷದಲ್ಲಿ ನನಗೆ ಪುಸ್ತಕ ಬಂದದ್ದುಂಟು, ಸಾಮಾನು ಬಂದದ್ದಿಲ್ಲ. ಈ ಸಲ ನಿಮ್ಮ ಕಂಪನಿಯವರೇ ಶಾಲೆಗೆ ಬಂದರು. ತರಬೇತಿ ವಿಭಾಗದ ಆದಿನಾರಾಯಣ ಅವರು ಹೆಡ್‌ಮಾಸ್ಟರ್ ಎದುರು ಕೂತು, "ನಮ್ಮ ಲೈನಿಗೆ ಏನ್ ಬೇಕೋ ಅದನ್ನೇ ಪಾಠ ಮಾಡೋಣ ಮೇಡಂ, ಬರೀ ಬೋರ್ಡ್ ಮೇಲೆ ಬೇಡ" ಎಂದರು. ವರ್ಷದ ಪಾಠವನ್ನು ನಾವು ಮೂವರೂ ಸೇರಿ ಗೊತ್ತು ಮಾಡಿದೆವು. ಎರಡನೇ ವಾರಕ್ಕೇ ಮೇಜು, ಲೈಟು, ಚಿಮುಟ, ಡಬ್ಬಗಟ್ಟಲೆ ಕನೆಕ್ಟರುಗಳು ಬಂದವು. ಇಳಿಸಿಕೊಂಡ ಮೇಲೆ ಪ್ರತಿ ಮೇಜನ್ನೂ ಸೆರಗಿನಿಂದ ಒರೆಸಿದೆ. ನಗಬೇಡ.

ಬೂದಿಕೋಟೆಯಿಂದ ಬರುವ ರಾಧ ಎಂಬ ಹುಡುಗಿ ಇದ್ದಾಳೆ, ಹತ್ತನೆಯ ತರಗತಿ. ತಾಯಿ ಕೂಲಿಗೆ ಹೋಗುತ್ತಾರೆ. ಹುಡುಗಿ ನಿನ್ನದೇ ಅಚ್ಚು, ಒಂದು ಕಡೆ ಕೂರುವುದಿಲ್ಲ. ಹಿಂದಿಯ ಬದಲು ನನ್ನ ವೃತ್ತಿಶಿಕ್ಷಣದ ವಿಷಯ ತೆಗೆದುಕೊಳ್ಳಬಹುದು ಎಂದು ಗೊತ್ತಾದ ಮೇಲೇ ಒಂಬತ್ತಕ್ಕೆ ಸೇರಿದವಳು. "ಈ ಕ್ಲಾಸ್ ಇಲ್ದಿದ್ರೆ ನಾನ್ ಬರಾಕಿಲ್ಲ ಮೇಡಂ" ಎಂದು ಮುಖಕ್ಕೇ ಹೇಳುತ್ತಾಳೆ. ಅವಳನ್ನು ಮಾರ್ಚ್ ಪರೀಕ್ಷೆಯವರೆಗೆ ಹಿಡಿದಿಟ್ಟರೆ ನನಗೆ ಈ ವರ್ಷ ಸಾಕು. ನಿನ್ನನ್ನು ಹಿಡಿಯಲಾಗಲಿಲ್ಲ.

ಶನಿವಾರದ ಮಧ್ಯಾಹ್ನಗಳಲ್ಲಿ ಬಂದು ಈ ಮಕ್ಕಳಿಗೆ ಕೆಲಸ ತೋರಿಸು. ಆದಿನಾರಾಯಣ ಅವರು ಒಪ್ಪಿದ್ದಾರೆ, ಅದನ್ನು ಡ್ಯೂಟಿ ಎಂದೇ ಹಿಡಿಯುತ್ತಾರಂತೆ.

ಶಶಿರೇಖ


ಚಾಂಪಿಯನ್ ರೀಫ್ಸ್
10 ಆಗಸ್ಟ್ 2025

ಮೇಡಂ,

ನಿನ್ನೆ ಶಾಲೆಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಆದಿನಾರಾಯಣ ಸಾರ್ ಪಕ್ಕದಲ್ಲೇ ಇದ್ದರು. ನೀವು ಅವರಿಗೆ ಬಿಸ್ಕತ್ತು ಮುಂದಿಡುತ್ತಿದ್ದಿರಿ.

ಲ್ಯಾಬ್ ಚೆನ್ನಾಗಿದೆ. ರಾಧ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀರ್ ಕುಡಿಯಕ್ ಓಗಿ ಕಂಪ್ನಿ ಸೇರ್ದೋಳು ನೀನೇನಾ ಅಕ್ಕ?" ಅಂದಳು. ನೀವು ಅವಳಿಗೆ ಹೇಳಿದ್ದೀರಿ. ಒಳ್ಳೆಯದೇ.

"ಊಂ ಕಣೆ, ನಾನೇ. ಇಲ್ಲೀವರ್ಗೂ ಏನ್ ಕಲ್ತೆ ನೀನು?"

"ಕೀಳೋದು."

"ಏನ್ ಕೀಳೋದು?"

"ಪಿನ್ನು. ಇದು ಕೀಳೋ ಕ್ಲಾಸು ಕಣಕ್ಕ. ನಮ್ಮಮ್ಮ ಟಮಾಟ ತೋಟದಾಗೆ ಕಳೆ ಕೀಳ್ತಾಳೆ, ನಾನು ಇಸ್ಕೂಲಾಗೆ ಪಿನ್ ಕೀಳ್ತೀನಿ. ಕೂಲಿ ಅವ್ಳಿಗ್ ಮಾತ್ರ."

ಪಕ್ಕದ ಹುಡುಗಿಯರೆಲ್ಲ ನಕ್ಕರು. ಅವಳು ಮಾಡಿ ತೋರಿಸಿದಳು. ಸೂಜಿಯಂಥ ಉಪಕರಣವನ್ನು ಕನೆಕ್ಟರಿನ ಬಾಯಿಗೆ ಹಾಕಿ ಒಳಗಿನ ನಾಲಿಗೆ ಒತ್ತುತ್ತಾಳೆ, ಇನ್ನೊಂದು ಕೈಯಲ್ಲಿ ವೈರು ಎಳೆಯುತ್ತಾಳೆ. ಬಣ್ಣಬಣ್ಣದ ವೈರು ಒಂದು ಟ್ರೇಗೆ, ಖಾಲಿ ಕನೆಕ್ಟರು ಇನ್ನೊಂದಕ್ಕೆ. ನನಗಿಂತ ಬೇಗ ಮಾಡುತ್ತಾಳೆ. "ಹಾಕೋದು ಯಾವಾಗ್ಲೇ?" ಎಂದು ಕೇಳಿದೆ. "ಮುಂದಿನ್ ತಿಂಗ್ಳು ಅಂತ ಸಾರ್ ಏಳವ್ರೆ. ಓದ್ ತಿಂಗ್ಳೂ ಅಂಗೇ ಏಳಿದ್ರು."

ಆ ಕನೆಕ್ಟರುಗಳ ಮೇಲೆ ಕೆಂಪು ಬಣ್ಣದ ಚುಕ್ಕೆ ಇದೆ, ನೋಡಿದ್ದೀರಾ? ಅದನ್ನು ಹಾಕುವುದು ನಮ್ಮ ಲೈನಿನವರು. ವೈರು ತಪ್ಪು ತೂತಿಗೆ ಹೋದರೆ ಚುಕ್ಕೆ ಇಟ್ಟು ಪಕ್ಕಕ್ಕೆ ಎಸೆಯುತ್ತೇವೆ. ಕಂಪನಿಯ ಹಿಂಭಾಗದಲ್ಲಿ ಹೆಂಗಸರು ಕೂತು ಅವನ್ನು ಕಿತ್ತು ಸರಿಮಾಡಿ ವಾಪಸ್ ಕೊಡುತ್ತಿದ್ದರು. ನಾನು ಬಾಡಿಗೆಗೆ ಇರುವ ಮನೆಯ ಅಕ್ಕಯ್ಯಮ್ಮ ಅವರಲ್ಲೊಬ್ಬರು. ನಿಮ್ಮ ಲ್ಯಾಬಿಗೆ ಡಬ್ಬಗಳು ಬಂದ ಮೇಲೆ ಅವರಿಗೆಲ್ಲ ಕೆಲಸವಿಲ್ಲ ಎಂದು ಗುತ್ತಿಗೆದಾರ ಹೇಳಿದ. ಏಕೆ ಎಂದು ನಮಗೆ ತಿಳಿದಿರಲಿಲ್ಲ. ನಿನ್ನೆ ತಿಳಿಯಿತು.

ಊಟಕ್ಕೆ ಕೂತಾಗ ಅಕ್ಕಯ್ಯಮ್ಮನಿಗೆ ಹೇಳಿದೆ. ಅವರು ಸಾರು ಬಡಿಸುತ್ತ ನಕ್ಕರು. ನನ್ನನ್ನು ಅವರು ಕರೆಯುವುದು ಕಣ್ಣು ಎಂದೇ. "ಅಯ್ಯೋ ಬಿಡು ಕಣ್ಣು. ಬಿಸಾಕಿದ್ ಮಣ್ಣನ್ನೇ ತಿರ್ಗಾ ತೊಳ್ದು ಚಿನ್ನ ತೆಗ್ದಿರೋ ಊರು ಇದು. ಮಕ್ಳ ಕಣ್ಣು ಚುರುಕು, ನಮ್ಗಿಂತ ಬಿರ್ನೆ ಕೀಳ್ತವೆ" ಅಂದರು.

ನನಗೆ ಕೋಪ ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಅನ್ನಿಸಿತು. ಆದರೆ ಹಾಕುವುದು ಬರದವರನ್ನು ಯಾವ ಲೈನಿಗೂ ತೆಗೆದುಕೊಳ್ಳುವುದಿಲ್ಲ. ಇದು ನಿಮಗೆ ಗೊತ್ತಿದೆಯೇ?

ಇಂದ್ರಾಣಿ


ಬಂಗಾರಪೇಟೆ
24 ಆಗಸ್ಟ್ 2025

ಇಂದ್ರಾಣಿ,

ಕೆಂಪು ಚುಕ್ಕೆ ನೋಡಿದ್ದೆ. ಏನೆಂದು ಕೇಳಿರಲಿಲ್ಲ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಅಷ್ಟೇ.

ಆದಿನಾರಾಯಣ ಅವರನ್ನು ಕೇಳಿದೆ. "ಹೊಸ ಪಿನ್ನು ಮಕ್ಕಳ ಕೈಗೆ ಕೊಟ್ರೆ ಹಾಳಾಗುತ್ತೆ ಮೇಡಂ. ಕೀಳೋದೂ ಒಂದು ಸ್ಕಿಲ್ಲೇ ಅಲ್ವಾ? ಲೈನಿಗೆ ಬೇಕಾದ್ದನ್ನೇ ಕಲಿಸ್ತಿದ್ದೀವಲ್ಲ" ಎಂದರು. ಪಾಠ ಗೊತ್ತು ಮಾಡಿದ ದಿನ ನಾನೂ ತಲೆಯಾಡಿಸಿದ್ದೆ. ಈಗ ಯಾವ ಬಾಯಲ್ಲಿ ಇಲ್ಲ ಎನ್ನಲಿ?

ರಾಧ ಜೂನಿನಿಂದ ಒಂದು ದಿನವೂ ತಪ್ಪಿಸಿಲ್ಲ. ಗಣಿತದ ಪೀರಿಯಡ್ಡಿನಲ್ಲೂ ಕೂರುತ್ತಾಳೆ, ಮುಂದಿನ ಪೀರಿಯಡ್ಡು ನನ್ನದು ಎಂಬ ಆಸೆಗೆ. ಮೊನ್ನೆ ಅವಳ ತಾಯಿ ತೋಟದಿಂದ ನೇರ ಬಂದು ಒಂದು ಚೀಲ ಟೊಮೆಟೊ ಇಟ್ಟು ಹೋದರು. ಮಗಳಿಗೆ ಕೀಳುವುದನ್ನು ಮಾತ್ರ ಕಲಿಸಿದ್ದೇನೆಂದು ಅವರಿಗೆ ವಿವರಿಸಲಿಲ್ಲ.

ನವೆಂಬರಿನಲ್ಲಿ ಇಲಾಖೆಯಿಂದ ತಪಾಸಣೆಗೆ ಬರುತ್ತಾರೆ. ಅದರಲ್ಲಿ ಪಾಸಾದರೆ ತರಗತಿ ಮುಂದುವರಿಯುತ್ತದೆ, ಮಕ್ಕಳಿಗೆ ಅಂಕ ಸಿಗುತ್ತದೆ, ನನ್ನ ಗುತ್ತಿಗೆಯೂ ಇನ್ನೊಂದು ವರ್ಷ ನಡೆಯುತ್ತದೆ. ಆಮೇಲೆ ಹಾಕುವುದನ್ನು ಕಲಿಸಲೇಬೇಕೆಂದು ಹಟ ಹಿಡಿಯುತ್ತೇನೆ, ನನ್ನ ಮೇಲೆ ನಂಬಿಕೆಯಿಡು. ಕಂಪನಿಯ ಪರವಾಗಿ ನೀನು ಆ ದಿನ ಇರಬೇಕಂತೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ನಿನ್ನನ್ನು ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ.

ಶಶಿರೇಖ


ಚಾಂಪಿಯನ್ ರೀಫ್ಸ್
16 ನವೆಂಬರ್ 2025

ಮೇಡಂ,

ನೀವು ಹೇಳಿದ ಹಾಗೆಯೇ ಮಾಡಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ.

ತಪಾಸಣೆಯ ಹೊತ್ತಿನಲ್ಲಿ ನೀವು ಹೆಡ್‌ಮಾಸ್ಟರ್ ಕೋಣೆಯಲ್ಲಿ ರಿಜಿಸ್ಟರು ಸಿದ್ಧ ಮಾಡುತ್ತಿದ್ದಿರಿ. ಯಾರು ನಿಮಗೆ ಏನು ಹೇಳಿದರೋ ತಿಳಿಯದು. ನನ್ನ ಫೋನ್ ನೀವು ಎತ್ತುತ್ತಿಲ್ಲ. ನಡೆದದ್ದನ್ನು ನನ್ನಿಂದಲೇ ಕೇಳಿ.

ಆದಿನಾರಾಯಣ ಸಾರ್ ಮೇಜಿನ ಮೇಲೆ ಪ್ರದರ್ಶನಕ್ಕೆಂದು ಒಂದು ಹೊಸ ವೈರಿನ ಕಟ್ಟು ಇಟ್ಟಿದ್ದರು. ಪೂರ್ತಿ ಸಿದ್ಧವಾದದ್ದು, ಹಸಿರು ಸ್ಟಿಕ್ಕರಿನದು. ತಪಾಸಣೆಯ ಮೇಡಂ ಅದನ್ನೇ ಎತ್ತಿ ರಾಧಳ ಕೈಗೆ ಕೊಟ್ಟು, "ಎಲ್ಲಿ, ಇದರಲ್ಲಿ ನಿನ್ನ ಕೆಲಸ ತೋರಿಸಮ್ಮ" ಅಂದರು. ಆ ಮೇಡಂ ಕೇಳಿದ್ದು ಇದರಲ್ಲಿ ಅವಳು ಜೋಡಿಸಿದ ಭಾಗ ಯಾವುದು ಎಂದು. ರಾಧ ತಿಳಿದದ್ದು ಬೇರೆ. ಅವಳಿಗೆ ಗೊತ್ತಿದ್ದ ಕೆಲಸ ಒಂದೇ. ಯಾರಾದರೂ ಬಾಯಿ ತೆರೆಯುವ ಮೊದಲೇ ಎಲ್ಲ ಕಿತ್ತಿದ್ದಳು. ಕೆಂಪು, ಹಳದಿ, ಕಪ್ಪು ವೈರುಗಳನ್ನು ಬೇರೆ ಬೇರೆ ಜೋಡಿಸಿ, ಖಾಲಿ ಕನೆಕ್ಟರುಗಳನ್ನು ಟ್ರೇಗೆ ಹಾಕಿ, ಸಾರ್ ಕಲಿಸಿದ ಹಾಗೆ ಎರಡೂ ಕೈ ಮೇಲೆತ್ತಿ ನಿಂತಳು. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಮಾಡಿರಲಿಲ್ಲ.

ತಪಾಸಣೆಯ ಮೇಡಂ ಚಪ್ಪಾಳೆ ತಟ್ಟಿದರು. "ಈಗ ಮೊದಲಿದ್ದ ಹಾಗೆ ಮಾಡಮ್ಮ" ಅಂದರು.

ರಾಧ ಕೈ ಇಳಿಸಿದಳು. "ಮೊದ್ಲು ಎಂಗಿತ್ತು ಮೇಡಂ?" ಅಂದಳು. ಆಮೇಲೆ ನನ್ನ ಕಡೆ ನೋಡಿದಳು. ಆ ಮೇಡಂ ಕೂಡ ನನ್ನ ಕಡೆ ತಿರುಗಿದರು.

"ಇವರಿಗೆ ಜೋಡಿಸೋಕೆ ಬರಲ್ವಾ?"

"ಇಲ್ಲ ಮೇಡಂ."

"ಕಲಿಸಿಲ್ವಾ?"

"ಇಲ್ಲ."

"ಈ ಡಬ್ಬಗಳಲ್ಲಿ ಇರೋದು ಏನು?"

"ನಮ್ಮ ಲೈನಿನ ರಿಜೆಕ್ಟು."

"ಮಕ್ಕಳು ಕಿತ್ತ ಮೇಲೆ ಎಲ್ಲಿಗೆ ಹೋಗುತ್ತೆ?"

"ವಾಪಸ್ ಲೈನಿಗೆ."

ಅವರು ಬರೆದುಕೊಂಡರು. ಆದಿನಾರಾಯಣ ಸಾರ್ ಫೋನು ನೋಡುತ್ತಿದ್ದರು.

ಹೊರಗೆ ರಾಧ ನನ್ನನ್ನು ಅಡ್ಡಗಟ್ಟಿದಳು. "ನಂಗೊತ್ತಿಲ್ಲ ಅಂತ ಒಂದ್ ಮಾತು ಅನ್ನಕ್ಕಾಗ್ಲಿಲ್ವಾ ನಿಂಗೆ?"

"ಗೊತ್ತಿತ್ತಲ್ಲೇ."

"ಏ, ಓಗಕ್ಕ. ದೊಡ್ಡ ಸತ್ಯವಂತೆ. ನಿಂದೇನ್ ಓಯ್ತು?"

ಮಾರನೆಯ ಬೆಳಿಗ್ಗೆ ನನ್ನದು ಏನು ಹೋಯಿತು ಎಂದು ತಿಳಿಯಿತು. ಕಂಪನಿ ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಲಿಲ್ಲ. ಡ್ರೈವರ್ ಅಂಬರೀಶಣ್ಣ ಕಿಟಕಿಯಿಂದ ಬಗ್ಗಿ, "ನಿನ್ನ ಅತ್ತಿಸ್ಬೇಡ ಅಂದವ್ರೆ ಕಣಮ್ಮ, ಬೇಜಾರ್ ಮಾಡ್ಕಬೇಡ" ಅಂದರು. ಬೇಜಾರಾಗಲಿಲ್ಲ. ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದು ಅದನ್ನೇ ತಿಂದು ಮಲಗಿದೆ.

ನಿಮ್ಮನ್ನು ದೂರಲೆಂದು ಇದನ್ನು ಬರೆಯುತ್ತಿಲ್ಲ. ಆದರೆ ಉತ್ತರ ಬರೆಯಿರಿ. ರಾಧ ಶಾಲೆಗೆ ಬರುತ್ತಿದ್ದಾಳಾ?

ಇಂದ್ರಾಣಿ


ಬಂಗಾರಪೇಟೆ
21 ಡಿಸೆಂಬರ್ 2025

ಇಂದ್ರಾಣಿ,

ಬರುತ್ತಿಲ್ಲ.

ಲ್ಯಾಬಿಗೆ ಬೀಗ ಬಿದ್ದಿದೆ. ಕಂಪನಿಯವರು ಲಾರಿ ತಂದು ಮೇಜು, ಲೈಟು ಎಲ್ಲ ತೆಗೆದುಕೊಂಡು ಹೋದರು. ಗೋಡೆಯಲ್ಲಿ ಮೊಳೆಯ ತೂತುಗಳಿವೆ. ನಡೆಯದ ತರಗತಿಗೆ ಅಂಕ ಕೊಡಲಾಗದು, ಈ ಮಕ್ಕಳು ಎಲ್ಲರಂತೆ ಹಿಂದಿ ಪರೀಕ್ಷೆಯನ್ನೇ ಬರೆಯಬೇಕು ಎಂದು ಆದೇಶ ಬಂತು. ಎಂಟನೆಯ ತರಗತಿಯ ನಂತರ ಅವರು ಹಿಂದಿ ಪುಸ್ತಕ ಮುಟ್ಟಿಲ್ಲ. ಸಂಜೆ ಮನೆಗೆ ಕರೆಸಿ ನಾನೇ ಹೇಳಿಕೊಡುತ್ತಿದ್ದೇನೆ. ನನ್ನ ಹಿಂದಿ ನಿನಗೆ ಗೊತ್ತು.

ನನ್ನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ. ಅದನ್ನು ನಿನ್ನ ಮೇಲೆ ಹಾಕುವುದಿಲ್ಲ. ಹಾಕಬೇಕು ಎಂದು ಅನ್ನಿಸುತ್ತಿತ್ತು, ಇಷ್ಟು ದಿನ ಬರೆಯದೆ ಇದ್ದದ್ದು ಅದಕ್ಕೆ. ಚುಕ್ಕೆ ಕಂಡೂ ಕೇಳದೆ ಹೋದವಳು ನಾನು.

ರಾಧ ಒಂದು ಸಂಜೆಯೂ ಬಂದಿಲ್ಲ. ಬೂದಿಕೋಟೆಗೆ ಹೋಗಿದ್ದೆ. ಹಟ್ಟಿಯ ಮುಂದೆ ಕಡ್ಡಿ ಮುರಿಯುತ್ತ ಕೂತಿದ್ದಳು. "ಇಂದಿ ನಂಗ್ ಬರಾಕಿಲ್ಲ. ಇಂದ್ರಾಣಕ್ಕ ಎಲ್ಗೋದ್ರೆ ಅಲ್ಗೋಗ್ತೀನಿ" ಅಂದಳು. ಇಂದ್ರಾಣಿ ಮೇಲೆ ಕೋಪ ಇಲ್ಲವೇನೇ ಎಂದು ಕೇಳಿದೆ. "ಅದು ಬೇರೆ, ಇದು ಬೇರೆ" ಅಂದಳು.

ಅವಳು ನಿನ್ನ ಹತ್ತಿರ ಬಂದೇ ಬರುತ್ತಾಳೆ. ಆಗ ನನ್ನದೊಂದು ಮಾತು ನಡೆಸಿಕೊಡು. ಶಾಲೆ ಬಿಟ್ಟು ಕೆಟ್ಟೆ ಎಂದು ಹೇಳು. ಮೂರು ಹೊತ್ತೂ ಅದನ್ನೇ ನೆನೆದು ಅಳುತ್ತೇನೆ ಎಂದು ಹೇಳು. ನಾನು ಹೇಳಿದರೆ ಟೀಚರ್ ಮಾತು, ನೀನು ಹೇಳಿದರೆ ನಂಬುತ್ತಾಳೆ. ಒಂದೇ ಸುಳ್ಳು, ಇಂದ್ರಾಣಿ. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೋರ್ಡಿನ ಮೇಲೆ ಬರೆಯುವ ನಾನು ಇದನ್ನು ಕೇಳುತ್ತಿದ್ದೇನೆ.

ಶಶಿರೇಖ


ಚಾಂಪಿಯನ್ ರೀಫ್ಸ್
11 ಜನವರಿ 2026

ಮೇಡಂ,

ಸುಳ್ಳು ಹೇಳಲು ಆಗಲಿಲ್ಲ. ಅಭ್ಯಾಸ ಮಾಡಿಕೊಂಡಿದ್ದೆ. ಪಾತ್ರೆ ತೊಳೆಯುವಾಗ ನಿಮ್ಮ ಮಾತುಗಳನ್ನೇ ಬಾಯಿಪಾಠ ಮಾಡುತ್ತಿದ್ದುದನ್ನು ಕಂಡು ಅಕ್ಕಯ್ಯಮ್ಮ, "ಏನ್ ಕಣ್ಣು, ನಾಟ್ಕಕ್ಕೆ ಸೇರ್ಕೊಂಡ್ಯಾ?" ಅಂದಿದ್ದರು.

ರಾಧ ಮಂಗಳವಾರ ಬಂದಳು. ಬಟ್ಟೆ ತುಂಬಿದ ಬ್ಯಾಗು ತಂದಿದ್ದಳು. ಜಗಲಿಯ ಮೇಲೆ ಕೂತು, "ಎಲ್ಗೋಗ್ತಿದ್ದೀಯ?" ಅಂದಳು.

"ಶ್ರೀಪೆರಂಬದೂರು. ಅಲ್ಲೂ ವೈರಿನ್ ಕೆಲ್ಸಾನೇ. ಆಸ್ಟೆಲ್ ಕೊಡ್ತಾರೆ."

"ನಾನೂ ಬತ್ತೀನಿ."

"ಅದಿನೆಂಟು ತುಂಬ್ಬೇಕು."

"ತುಂಬೋವರ್ಗೂ ನಿನ್ ರೂಮಾಗೆ ಅಡ್ಗೆ ಮಾಡ್ಕೊಂಡಿರ್ತೀನಿ. ಮುದ್ದೆ ಚೆನ್ನಾಗ್ ಕಟ್ತೀನಿ, ಬೇಕಾದ್ರೆ ಈಗ್ಲೇ ನೋಡು."

ಆಮೇಲೆ ತಾನಾಗಿಯೇ ಕೇಳಿದಳು. "ನೀನೂ ಇಸ್ಕೂಲ್ ಬಿಟ್ಯಲ್ಲ. ಏನಾಯ್ತು ನಿಂಗೆ?"

ನೀವು ಹೇಳಿಕೊಟ್ಟದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಬಾಯಿ ತೆರೆದೆ.

"ಏನೂ ಆಗ್ಲಿಲ್ಲ" ಅಂದೆ.

"ಏನೂ?"

"ಏನೂ. ಕೆಟ್ಟದ್ದೂ ಇಲ್ಲ, ಒಳ್ಳೇದೂ ಇಲ್ಲ. ಬೆಳಿಗ್ಗೆ ಬಸ್ ಬರ್ತಿತ್ತು, ಅದ್ನ ಅತ್ತುತಿದ್ದೆ. ತಳ್ಳೋದು, ಟಕ್ ಅನ್ನೋದು, ಎಳೆಯೋದು. ಸಂಜೆ ಬಂದು ಉಂಡು ಮಲಗೋದು. ನಿಂತ್ಕೊಂಡ್ ಮಾಡೋ ಕೆಲ್ಸ ಅಂತ ಇಷ್ಟ ಇತ್ತು. ಈಗ ಅದೂ ಗೊತ್ತಾಗಲ್ಲ. ಒಂದಿನ ಬಸ್ಸು ಅತ್ತಿಸ್ಕೊಳ್ಲಿಲ್ಲ. ಅಳೂ ಬರ್ಲಿಲ್ಲ ಕಣೆ. ಬರ್ತದೇನೋ ಅಂತ ಕಾಯ್ತಾ ಇದ್ದೆ, ಬರ್ಲೇ ಇಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒಳಗಿಂದ ಅಕ್ಕಯ್ಯಮ್ಮ, "ಲೇ ಪಾಪ, ಅಳೋರ್ ಜತೆ ಬೇಕಾದ್ರೆ ಓಗು. ಇವ್ಳ ಜತೆ ಮಾತ್ರ ಓಗ್ಬೇಡ" ಎಂದು ಕೂಗಿದರು. ಅದಕ್ಕೆ ಮೂವರಲ್ಲಿ ಯಾರೂ ನಗಲಿಲ್ಲ.

ಮುದ್ದೆ ಅವಳೇ ಕಟ್ಟಿದಳು. ಚೆನ್ನಾಗಿತ್ತು. ಉಂಡಾದ ಮೇಲೆ ನಾನು ಬಟ್ಟೆ ಮಡಿಸುವುದನ್ನು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಒಮ್ಮೆಗೇ ತನ್ನ ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ನಿನ್ನಂಗ್ ಆಗೋದ್ಕಿಂತ ಇಂದೀನೇ ವಾಸಿ ಬಿಡಕ್ಕ."

ಹಾಗೆಂದು ಇಳಿದು ಹೋದಳು. ಎಲ್ಲಿಗೆ ಹೋಗುತ್ತೀಯ ಎಂದು ನಾನು ಕೇಳಲಿಲ್ಲ. ನನಗೆ ನೋವಾಗಬೇಕಿತ್ತೋ ಸಮಾಧಾನವಾಗಬೇಕಿತ್ತೋ ತಿಳಿಯದು. ಎರಡೂ ಆಗಲಿಲ್ಲ.

ನಿನ್ನೆ ಸಂಜೆ ನಿಮಗೆ ಹೇಳಿ ಹೋಗೋಣ ಎಂದು ಬಂಗಾರಪೇಟೆಗೆ ಬಂದಿದ್ದೆ. ನಿಮ್ಮ ಮನೆಯ ಮೆಟ್ಟಿಲ ಹತ್ತಿರ ಚಪ್ಪಲಿಗಳಿದ್ದವು. ಕಿಟಕಿ ತೆರೆದಿತ್ತು. ಯಾರೋ ಓದುತ್ತಿದ್ದರು, "ಯ ಮೇರಾ ಗರ್ ಐ." ನೀವು, "ಐ ಅಲ್ಲಮ್ಮ, ಹೈ. ಹೊಟ್ಟೆಯಿಂದ ಉಸಿರು ಬಿಡು, ಹೈ" ಅಂದಿರಿ. "ಅದೇ ಮೇಡಂ, ಐ" ಅಂದಳು ರಾಧ. ಮಕ್ಕಳು ನಕ್ಕರು. ನೀವೂ ನಕ್ಕಿರಿ. ಅವಳು ಮತ್ತೆ ಮೊದಲಿಂದ ಓದಿದಳು. ಆಗಲೂ ಐ ಎಂದೇ ಬಂತು.

ಪಾಠ ನಡೆಯುತ್ತಿತ್ತು, ಬಾಗಿಲು ತಟ್ಟಲಿಲ್ಲ.

ಅಪ್ಪನಿಗೆ ಹೇಳಿದ್ದೇನೆ. ಅಕ್ಕಯ್ಯಮ್ಮನಿಗೆ ಬಾಡಿಗೆ ಮುಟ್ಟಿಸಿದ್ದೇನೆ. ಇದನ್ನು ಸ್ಟೇಷನ್ನಿನ ಹತ್ತಿರದ ಅಂಚೆ ಡಬ್ಬಿಗೆ ಹಾಕುತ್ತೇನೆ. ನಾಳೆ ಬೆಳಿಗ್ಗೆ ರೈಲು. ನಾನೊಬ್ಬಳೇ ಹೊರಡುತ್ತೇನೆ.

ಇಂದ್ರಾಣಿ